ತೆಗಿ, ಹಾಕ್, ಆಯ್ತ್

ಗಿರಿಜಾ ಕೋಡ್ ಬರೆಯಲು ಶುರುಮಾಡಿ ಇಪ್ಪತ್ತೆರಡು ವರ್ಷವಾಗಿತ್ತು. ಮೊದಲ ಒಂಬತ್ತು ವರ್ಷ ಮುಂಬಯಿಯ ಅಂಧೇರಿಯಲ್ಲಿ. ಗಂಡ ಭೋಜರಾಜ ಕುಂದಾಪುರದಲ್ಲಿ ಸ್ವಂತ ಹೋಟೆಲು ತೆರೆದ ಮೇಲೆ ಅಲ್ಲೇ ಹತ್ತಿರದ ಗುಲ್ವಾಡಿಯ ಮನೆಯ ಮಹಡಿ ಕೋಣೆಯಲ್ಲಿ. ಕೆಲಸ ಕೊಟ್ಟದ್ದು ಬ್ರಹ್ಮಾವರದ ಒಂದು ಸಣ್ಣ ಕಂಪನಿ. ರಕ್ತಪರೀಕ್ಷೆ ಮಾಡುವ ಲ್ಯಾಬುಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವವರು. ತಿಂಗಳಿಗೆ ಎರಡು ಸಲ ಆಫೀಸಿಗೆ ಹೋದರೆ ಸಾಕಿತ್ತು.

ಇಷ್ಟು ವರ್ಷಗಳಲ್ಲಿ ಅವಳು ಏಳು ಕಂಪ್ಯೂಟರ್ ಬದಲಾಯಿಸಿದ್ದಳು. ಎಲ್ಲದರಲ್ಲೂ ಒಂದು ಫೈಲು ಮಾತ್ರ ಅದೇ. ಕೋಡ್ ಬರೆಯುವ ಎಡಿಟರ್ ತನ್ನ ಹತ್ತಿರ ಹೇಗೆ ನಡೆದುಕೊಳ್ಳಬೇಕು ಎಂದು ತಾನೇ ಬರೆದಿಟ್ಟ ಸೆಟ್ಟಿಂಗ್ಸ್ ಫೈಲು. ಯಾವ ಕೀ ಒತ್ತಿದರೆ ಏನಾಗಬೇಕು, ಯಾವ ಪದಕ್ಕೆ ಯಾವ ಬಣ್ಣ, ಬೆಳಿಗ್ಗೆ ತೆರೆದ ಕೂಡಲೇ ನಿನ್ನೆ ಬಿಟ್ಟ ಜಾಗಕ್ಕೆ ಹೇಗೆ ಹೋಗಬೇಕು. ಸಾವಿರ ಸಾಲು ಮೀರಿತ್ತು. ಮಗ ಪ್ರಥಮ್ ಹೊಟ್ಟೆಯಲ್ಲಿದ್ದಾಗ ಎಡಗೈ ಜೋಮು ಹಿಡಿಯುತ್ತಿತ್ತೆಂದು ಬಲಗೈಗೆ ಸರಿಸಿಕೊಂಡ ಕೀಗಳು ಇನ್ನೂ ಬಲಗೈಯಲ್ಲೇ ಇದ್ದವು. ಅವನಿಗೆ ಈಗ ಹದಿನಾರು.

ಎರಡು ವರ್ಷದ ಹಿಂದೆ ಆ ಫೈಲಿನಲ್ಲಿ ಒಂದು ಸಾಲು ಪದೇ ಪದೇ ಬದಲಾಗತೊಡಗಿತು. ಅಕ್ಷರದ ಗಾತ್ರದ ಸಾಲು. ಹದಿನಾಲ್ಕಿದ್ದದ್ದು ಹದಿನೆಂಟಾಯಿತು, ಆಮೇಲೆ ಇಪ್ಪತ್ತನಾಲ್ಕು. ಕಣ್ಣಿನ ಒಳಪರದೆಯ ನಡುಭಾಗ ಸವೆಯುತ್ತಿದೆ, ಅಂಚು ಉಳಿಯುತ್ತದೆ ಎಂದು ಡಾಕ್ಟರು ಹೇಳಿದ್ದರು. ನಡೆದಾಡಲು ತೊಂದರೆಯಿಲ್ಲ, ಪೂರ್ತಿ ಕತ್ತಲಾಗುವುದಿಲ್ಲ, ಆದರೆ ಓದುವುದು ಕಷ್ಟವಾಗುತ್ತಾ ಹೋಗುತ್ತದೆ. ಗಿರಿಜಾ ಗಂಡನಿಗೆ ಹೇಳಿದಳು. ಆಫೀಸಿಗೆ ಹೇಳಲಿಲ್ಲ. ಗಾತ್ರ ಮೂವತ್ತಾರಕ್ಕೆ ಬಂದಾಗ ಪರದೆಯ ಮೇಲೆ ಹನ್ನೊಂದು ಸಾಲು ಮಾತ್ರ ಹಿಡಿಯುತ್ತಿತ್ತು. ಮೊದಲು ಒಂದು ದಿನದಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಈಗ ಮೂರು ದಿನ ಬೇಕಾಗುತ್ತಿತ್ತು.

ಅವಳು ಬರೆದದ್ದನ್ನು ಲ್ಯಾಬುಗಳಿಗೆ ಕಳಿಸುವ ಮೊದಲು ಒಮ್ಮೆ ಓದಿ ನೋಡುವ ಕೆಲಸ ಮೋಕ್ಷಿತಾಳದು. ಗಂಗೊಳ್ಳಿಯ ಹುಡುಗಿ, ಇಪ್ಪತ್ನಾಲ್ಕು ವರ್ಷ, ಕಂಪನಿ ಸೇರಿ ಒಂದೂವರೆ ವರ್ಷ. ಫೆಬ್ರವರಿಯಲ್ಲಿ ಅವಳು ಗಿರಿಜಾಳ ಕೋಡಿನಲ್ಲಿ 'ಸಣ್ಣದು' ಎಂಬ ಗುರುತು ಇರಬೇಕಾದ ಕಡೆ 'ದೊಡ್ಡದು' ಎಂಬ ಗುರುತು ಇರುವುದನ್ನು ಕಂಡಳು. ಹಾಗೇ ಬಿಟ್ಟಿದ್ದರೆ ಸಕ್ಕರೆ ಹೆಚ್ಚಿದ್ದವರಿಗೆ ಕಡಿಮೆ ಇದೆ ಎಂದು ವರದಿ ಹೋಗುತ್ತಿತ್ತು. ಸರಿಮಾಡಿದಳು. ಮರುವಾರ ಅಂಥದ್ದೇ ಇನ್ನೊಂದು ಸಿಕ್ಕಿತು. ಮೂರನೆಯದು ಸಿಕ್ಕಿದಾಗ ಅವಳು ಯಾರಿಗೂ ಏನೂ ಹೇಳದೆ, ಶನಿವಾರ ಎರಡು ಬಸ್ಸು ಬದಲಿಸಿ ಗುಲ್ವಾಡಿಗೆ ಬಂದಳು.

ಗಿರಿಜಾ ಚಾ ಮಾಡಿ ತಂದಿಟ್ಟಳು. ಲೋಟವನ್ನು ಮೇಜಿನ ಮೇಲಿಡುವ ಮೊದಲು ಬೆರಳಿನಿಂದ ಜಾಗ ಮುಟ್ಟಿ ನೋಡಿಕೊಂಡಳು. ಮೋಕ್ಷಿತಾ ಅದನ್ನು ನೋಡಿದಳು.

"ಗಿರಿಜಕ್ಕ, ನಿಮ್ಗೆ ಕಣ್ಣ್ ಸಮಾ ಕಾಂತಿಲ್ಲ್ಯಾ?"

"ಯಾರ್ ಹೇಳ್ರ್ ನಿಂಗೆ?"

"ಯಾರೂ ಹೇಳ್ಲಿಲ್ಲ. ಮಾತಾಡುವಾಗ ನೀವ್ ನನ್ ಮುಖ ಕಾಣುದಿಲ್ಲ, ಕಿವಿ ಬದಿ ಕಾಂತ್ರಿ."

ಗಿರಿಜಾ ಕುರ್ಚಿ ಎಳೆದುಕೊಂಡು ಕೂತಳು. ಅಂಚುಗಣ್ಣಿನಿಂದ ನೋಡಿದರೆ ಮುಖ ಅಷ್ಟಿಷ್ಟು ಸಿಗುತ್ತದೆ ಎಂದು ತಿಳಿದ ಮೇಲೆ ಅದೇ ಅಭ್ಯಾಸವಾಗಿತ್ತು. ಹೊರಗಿನವರಿಗೆ ಗೊತ್ತಾಗುವುದಿಲ್ಲ ಎಂದುಕೊಂಡಿದ್ದಳು.

"ಸುಧೀರನಿಗೆ ಹೇಳಿದ್ಯಾ?" ಸುಧೀರ್ ಅವರ ತಂಡದ ಮುಖ್ಯಸ್ಥ.

"ಅವ್ರಿಗೆ ಹೇಳೂದಾದ್ರೆ ಇಲ್ಲಿಗ್ ಬಪ್ಪುದೇ ಬ್ಯಾಡ ಇತ್ತ್."

ಅವತ್ತೇ ಮಧ್ಯಾಹ್ನ ಇಬ್ಬರೂ ಕೂತು, ಪರದೆಯ ಮೇಲಿನದನ್ನು ಓದಿ ಹೇಳುವ ಪ್ರೋಗ್ರಾಮ್ ಹಾಕಿ ನೋಡಿದರು. ಕಥೆಯನ್ನೋ ಸುದ್ದಿಯನ್ನೋ ಓದಲು ಅದು ಚೆನ್ನಾಗಿತ್ತು. ಕೋಡಿನಲ್ಲಿ ಪದಗಳಿಗಿಂತ ಚಿಹ್ನೆಗಳೇ ಹೆಚ್ಚು. ಇಂಗ್ಲಿಷಿನ ಸ್ವರ ಒಂದೊಂದು ಚಿಹ್ನೆಗೂ ಅದರ ಪೂರ್ತಿ ಹೆಸರು ಹೇಳುತ್ತಿತ್ತು. ಕನ್ನಡದ ಸ್ವರ 'ಎಡ ಆವರಣ ಚಿಹ್ನೆ, ಬಲ ಆವರಣ ಚಿಹ್ನೆ, ಅರ್ಧವಿರಾಮ' ಎಂದು ಇನ್ನೂ ನಿಧಾನವಾಗಿ ಓದಿತು. ಒಂದು ಸಾಲಿಗೆ ಅರ್ಧ ನಿಮಿಷ.

"ಇದ್ ಸಾಲಿನ ಕಡಿಗ್ ಮುಟ್ಟೂದ್ರೊಳ್ಗೆ ಮೊದ್ಲ್ ಎಂತ ಹೇಳ್ತ್ ಅಂದೇಳಿ ಮರ್ತ್ ಹೋತ್," ಎಂದು ಗಿರಿಜಾ ಕಿವಿಯಿಂದ ಹೆಡ್‌ಫೋನ್ ತೆಗೆದಿಟ್ಟಳು.

ಮೋಕ್ಷಿತಾಳ ಅಮ್ಮನ ಹೆಸರು ಬಾಗಿ. ಗಂಗೊಳ್ಳಿ ಬಂದರಿನಲ್ಲಿ ಮೀನಿನ ಹರಾಜು, ಅಲ್ಲಿಯವರ ಮಾತಿನಲ್ಲಿ ಏಲಂ, ಕೂಗುವವಳು. ಸೋಮವಾರ ಬೆಳಿಗ್ಗೆ ಅಮ್ಮ ಮನೆಯಲ್ಲೇ ಮರೆತ ಫೋನು ಕೊಡಲು ಮೋಕ್ಷಿತಾ ಬಂದರಿಗೆ ಹೋದಳು. ಬಾಗಿ ಬಂಗುಡೆ ಮೀನಿನ ರಾಶಿಗಳ ನಡುವೆ ನಿಂತು ಕೂಗುತ್ತಿದ್ದಳು. ಯಾವ ಬೋಟು, ಯಾವ ಮೀನು, ಎಷ್ಟನೇ ರಾಶಿ, ಯಾರು ಕೇಳಿದರು, ಯಾರು ಬಿಟ್ಟರು, ಎಲ್ಲ ಒಂದೇ ಉಸಿರಿನಲ್ಲಿ. ಸುತ್ತ ಎಂಜಿನ್ನಿನ ಸದ್ದು, ಐಸು ಒಡೆಯುವ ಸದ್ದು. ಆದರೂ ಅವಳು ಹೇಳಿದ್ದನ್ನು ಯಾರೂ ಎರಡನೇ ಸಲ ಕೇಳಲಿಲ್ಲ. ಹುಟ್ಟಿದಾಗಿನಿಂದ ಕೇಳಿದ ಸ್ವರ ಅದು. ಅವತ್ತು ಮೋಕ್ಷಿತಾ ಫೋನು ಕೈಯಲ್ಲಿ ಹಿಡಿದುಕೊಂಡೇ ಏಲಂ ಮುಗಿಯುವವರೆಗೂ ನಿಂತಳು.

ಮುಂದಿನ ವಾರ ಬಾಗಿ ಮಗಳ ಜೊತೆ ಗುಲ್ವಾಡಿಗೆ ಬಂದಳು. ಒಂದೊಂದು ಚಿಹ್ನೆಗೂ ಗಿಡ್ಡ ಹೆಸರಿಟ್ಟು, ಅದನ್ನು ಅಮ್ಮನ ಸ್ವರದಲ್ಲೇ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುವುದು ಮೋಕ್ಷಿತಾಳ ಯೋಚನೆ. ಮೆಟ್ಟಿಲ ಬುಡದಲ್ಲೇ ಚಪ್ಪಲಿ ಬಿಟ್ಟು ಮಹಡಿ ಹತ್ತಿದಳು. ಕೂತುಕೊಳ್ಳಿ ಎಂದು ಗಿರಿಜಾ ತನ್ನ ಕುರ್ಚಿ ಸರಿಸಿದರೆ ಒಪ್ಪಲಿಲ್ಲ.

"ಗಾಲಿ ಇಪ್ಪು ಕುರ್ಚಿ ಮೇಲೆ ಕೂತ್ರೆ ನಂಗ್ ಸ್ವರ ಹೊರ್ಡುದಿಲ್ಲೆ ಅಮ್ಮ. ನಾನ್ ನಿಂತ್ಕಂಡೇ ಹೇಳ್ತೆ."

ಮೋಕ್ಷಿತಾ ದೊಡ್ಡ ಹಾಳೆಯಲ್ಲಿ ಒಂದೊಂದೇ ಚಿಹ್ನೆ ಬರೆದು ತೋರಿಸಿದಳು. ಬಾಗಿ ಮೊದಲು ಅದರ ಕೆಲಸ ಏನೆಂದು ಕೇಳುತ್ತಿದ್ದಳು. ಕೆಲಸ ಗೊತ್ತಾಗದೆ ಹೆಸರಿಡಲು ಅವಳು ತಯಾರಿರಲಿಲ್ಲ.

"ಇದೆಂತ, ಒಳ್ಗ್ ಎಂತಾರೂ ಇಟ್ ಮುಚ್ಚೂದಾ?"

"ಹೌದಮ್ಮ. ಇದ್ ಶುರು, ಇದ್ ಕಡಿ."

"ಬಾಗ್ಲ್ ಹಾಂಗೆ ಆಯ್ತಲ್ದಾ? ಹಾಂಗಾರೆ ಇದ್ ತೆಗಿ, ಇದ್ ಹಾಕ್."

ಹೀಗೆ ಒಂದೊಂದಕ್ಕೂ ಹೆಸರು ಬಂತು. ಒಂದರಲ್ಲಿ ಇನ್ನೊಂದನ್ನು ತುಂಬಿಸುವ ಚಿಹ್ನೆಗೆ 'ಇಡ್'. ಎರಡೂ ಸಮವೇ ಎಂದು ಕೇಳುವ ಚಿಹ್ನೆಗೆ 'ಒಂದೆಯಾ'. ಪ್ರಶ್ನೆಯ ಗುರುತಿಗೆ 'ಎಂತ'. ಇಲ್ಲವೆನ್ನುವುದಕ್ಕೆ 'ಅಲ್ಲ'. ಕೋಡಿನಲ್ಲಿ ತಪ್ಪಿದ್ದರೆ ಕರೆದು ಹೇಳಲು 'ಹ್ವಾಯ್'. ಸಾಲು ಮುಗಿಯಿತು ಎನ್ನುವ ಚಿಹ್ನೆಗೆ ಬಾಗಿ 'ಸಾಕ್' ಎಂದಿದ್ದಳು. ವೇಗ ಹೆಚ್ಚಿಸಿ ಕೇಳಿದಾಗ 'ಹಾಕ್' ಯಾವುದು 'ಸಾಕ್' ಯಾವುದು ಎಂದು ಗಿರಿಜಾಳಿಗೆ ತಿಳಿಯಲಿಲ್ಲ. ಅದನ್ನು 'ಆಯ್ತ್' ಎಂದು ಬದಲಿಸಿದರು.

ಸದ್ದು ಬರಬಾರದೆಂದು ಫ್ಯಾನು ನಿಲ್ಲಿಸಿದ್ದರಿಂದ ಮೂವರೂ ಬೆವರಿದರು. ನಡುವೆ ಪಕ್ಕದ ತೋಟದ ಪಂಪು ಶುರುವಾಗಿ ಮುಕ್ಕಾಲು ಗಂಟೆ ಕಾಯಬೇಕಾಯಿತು. ಬಾಗಿಯ ಸ್ವರಕ್ಕೆ ಮೈಕು ಒಡೆದಂತೆ ಕೇಳುತ್ತಿತ್ತು.

"ಅಮ್ಮ, ಒಂಚೂರ್ ಮೆಲ್ಲ ಹೇಳ್."

"ಮೆಲ್ಲ ಹೇಳುಕೆ ನಂಗ್ ಬತ್ತಿಲ್ಲೆ. ನಿನ್ ಫೋನನ್ನೇ ದೂರ ಇಡ್."

ಕೊನೆಗೆ ಫೋನನ್ನು ಕೋಣೆಯ ಆ ತುದಿಯ ಕಪಾಟಿನ ಮೇಲಿಟ್ಟರು. ಆಗ ಸರಿಯಾಯಿತು. ಸಂಜೆಯ ಹೊತ್ತಿಗೆ ಎಂಬತ್ತೆರಡು ಶಬ್ದಗಳಾದವು.

ಅವನ್ನು ಜೋಡಿಸಿ ಮೋಕ್ಷಿತಾ ಗಿರಿಜಾಳ ಎಡಿಟರ್‌ಗೆ ಸೇರಿಸುವ ಪುಟ್ಟ ಪ್ರೋಗ್ರಾಮ್, ಒಂದು ಪ್ಲಗಿನ್, ಬರೆದಳು. ಇಂಗ್ಲಿಷ್ ಪದಗಳನ್ನು ಯಂತ್ರದ ಸ್ವರ ಓದುತ್ತಿತ್ತು, ಚಿಹ್ನೆಗಳನ್ನು ಬಾಗಿ ಹೇಳುತ್ತಿದ್ದಳು. ಎರಡು ಸ್ವರ ಬೇರೆ ಬೇರೆಯಾದ್ದರಿಂದ ಗೊಂದಲವಾಗುತ್ತಿರಲಿಲ್ಲ. ಅರ್ಧ ನಿಮಿಷದ ಸಾಲು ನಾಲ್ಕು ಸೆಕೆಂಡಿಗೆ ಇಳಿಯಿತು. ಮೊದಲ ತಿಂಗಳು ಗಿರಿಜಾಳಿಗೆ ತಲೆನೋವು ಬರುತ್ತಿತ್ತು, ಕೇಳಿ ಸಾಕಾಗಿ ಮತ್ತೆ ಪರದೆಗೆ ಮುಖ ಹಚ್ಚುತ್ತಿದ್ದಳು. ಎರಡನೇ ತಿಂಗಳು ವೇಗ ಸ್ವಲ್ಪ ಏರಿಸಿದಳು. ಜೂನ್ ಮುಗಿಯುವಾಗ ಅಕ್ಷರದ ಗಾತ್ರ ಎಷ್ಟಿದೆ ಎಂದು ಅವಳಿಗೆ ನೆನಪೂ ಇರಲಿಲ್ಲ. ಕೆಲಸ ಪುನಃ ಒಂದೇ ದಿನಕ್ಕೆ ಮುಗಿಯತೊಡಗಿತು.

ಜುಲೈಯಲ್ಲಿ ಆಫೀಸಿನಿಂದ ಎಲ್ಲರಿಗೂ ಒಂದು ಮೇಲ್ ಬಂತು. ಲ್ಯಾಬುಗಳವರು ರೋಗಿಗಳ ಮಾಹಿತಿಯ ಭದ್ರತೆ ಬಿಗಿಮಾಡಲು ಹೇಳಿದ್ದಾರೆ. ಮುಂದಿನ ತಿಂಗಳಿನಿಂದ ಕಂಪನಿ ಒಪ್ಪಿದ ಪ್ರೋಗ್ರಾಮುಗಳು ಮಾತ್ರ ಇರಬೇಕು. ಸ್ವಂತ ಸ್ಕ್ರಿಪ್ಟು, ಸ್ವಂತ ಸೆಟ್ಟಿಂಗ್ಸ್, ಹೊರಗಿನ ಪ್ಲಗಿನ್ ಯಾವುದಿದ್ದರೂ ಅಳಿಸಲಾಗುವುದು. ಯಾರಿಗಾದರೂ ಅನಿವಾರ್ಯವಿದ್ದರೆ ಕಾರಣ ಬರೆದು ಅರ್ಜಿ ಕೊಡಬಹುದು.

ಅರ್ಜಿಯಲ್ಲಿ 'ಕಾರಣ' ಎಂಬ ಖಾಲಿ ಜಾಗದಲ್ಲಿ ಗಿರಿಜಾ ಮೊದಲು 'ಅಭ್ಯಾಸವಾಗಿದೆ' ಎಂದು ಬರೆದಳು. ಅಳಿಸಿದಳು. 'ಕೆಲಸ ಬೇಗ ಆಗುತ್ತದೆ' ಎಂದು ಬರೆದಳು. ಅದೂ ಸುಳ್ಳಲ್ಲ. ಅದನ್ನೂ ಅಳಿಸಿದಳು. ಭೋಜರಾಜ ಊಟಕ್ಕೆ ಕರೆದಾಗ ಇಳಿದು ಹೋಗಿ ಉಂಡು ಬಂದಳು. ಆಮೇಲೆ ಬರೆದಳು: ನನಗೆ ಅಕ್ಷರ ಕಾಣುವುದಿಲ್ಲ. ಯಂತ್ರದ ಕನ್ನಡ ಸ್ವರ ಅದನ್ನು ಅವಳಿಗೇ ಓದಿ ಹೇಳಿತು. ಎರಡು ಸಲ ಕೇಳಿಸಿಕೊಂಡು ಕಳಿಸಿಬಿಟ್ಟಳು.

ಹತ್ತು ನಿಮಿಷದಲ್ಲಿ ಸುಧೀರನ ಫೋನ್ ಬಂತು. ನಾಳೆ ಬನ್ನಿ ಎಂದ.

ಬ್ರಹ್ಮಾವರಕ್ಕೆ ಹೋಗುವ ಬಸ್ಸಿನಲ್ಲಿ ಮೋಕ್ಷಿತಾ ಪಕ್ಕದಲ್ಲಿ ಕೂತಿದ್ದಳು. ಸಾಸ್ತಾನದ ಟೋಲ್ ಹತ್ತಿರ ಬಸ್ಸು ನಿಂತಾಗ ಗಿರಿಜಾ, "ಅವ ಎಂತ ಹೇಳ್ರೂ ನೀನ್ ನಡ್ವೆ ಮಾತಾಡೂದ್ ಬ್ಯಾಡ," ಎಂದಳು. ಮೋಕ್ಷಿತಾ ಹೂಂ ಎಂದಳು.

ಸುಧೀರ್ ಬಾಗಿಲು ಮುಚ್ಚಿ ಎದುರು ಕೂತ. "ಇಷ್ಟ್ ದಿನ ಹ್ಯಾಂಗ್ ಮಾಡ್ತಿದ್ರಿ ಮೇಡಂ?"

"ಕೇಂಡ್ಕಂಡ್ ಮಾಡ್ತಿದ್ದೆ. ನಾನ್ ಕಾಣದ್ ಯಾವ್ದಾರೂ ಫೈಲ್ ಕೊಡಿ."

ಅವನು ತಾನೇ ಬರೆದ ಒಂದು ಫೈಲು ಕಳಿಸಿದ. ಗಿರಿಜಾ ತನ್ನ ಲ್ಯಾಪ್‌ಟಾಪಿನ ಪರದೆಯ ಬೆಳಕು ಪೂರ್ತಿ ಆರಿಸಿ ಹೆಡ್‌ಫೋನ್ ಹಾಕಿಕೊಂಡಳು. ಬೆರಳುಗಳು ಮಾತ್ರ ಓಡಾಡುತ್ತಿದ್ದವು. ಏಳು ನಿಮಿಷದ ಮೇಲೆ ಹೆಡ್‌ಫೋನ್ ತೆಗೆದು, ಆ ಕೋಡ್ ಏನು ಮಾಡುತ್ತದೆ ಎಂದು ಮೊದಲಿಂದ ಹೇಳಿದಳು. ಅರುವತ್ತನೇ ಸಾಲಿನ ಹತ್ತಿರ ಇಟ್ಟ ಶರತ್ತು ಯಾವತ್ತೂ ನಿಜವಾಗುವುದಿಲ್ಲ, ಅದರ ಕೆಳಗಿನದೆಲ್ಲ ವ್ಯರ್ಥ ಎಂದೂ ಹೇಳಿದಳು.

ಸುಧೀರ್ ಪರದೆ ನೋಡಿದ. ಹೌದಾಗಿತ್ತು.

"ಮೊದ್ಲೇ ಹೇಳ್ಲಕ್ಕಿತ್ತಲೆ ಮೇಡಂ."

"ಹೆದ್ರಿಕೆ ಆಯ್ತ್."

ಅವನು ತಲೆಯಾಡಿಸಿದ. ಆಮೇಲೆ ಅವಳಿಗೆ ಅದು ಕಾಣದಿರಬಹುದೆಂದು ನೆನಪಾಗಿ, "ಅರ್ಥ ಆತ್," ಎಂದು ಬಾಯಿಬಿಟ್ಟು ಹೇಳಿದ. ಒಪ್ಪಿಗೆ ತನ್ನೊಬ್ಬನ ಕೈಯಲ್ಲಿಲ್ಲ, ಭದ್ರತೆ ನೋಡಿಕೊಳ್ಳುವ ಶ್ರೀಲತಾ ಎಲ್ಲವನ್ನೂ ಪರೀಕ್ಷಿಸಬೇಕು ಎಂದ.

ಶ್ರೀಲತಾ ಒಂದು ವಾರ ತೆಗೆದುಕೊಂಡಳು. ಗಿರಿಜಾಳ ಸಾವಿರ ಸಾಲನ್ನೂ ಓದಿದಳು. ಅಂಧೇರಿ ಕಾಲದ ಒಂದು ಸ್ಕ್ರಿಪ್ಟಿನಲ್ಲಿ ಪಾಸ್‌ವರ್ಡನ್ನು ಹಾಗೇ ಬರೆದಿಟ್ಟದ್ದು ಸಿಕ್ಕಿತು, ಅದನ್ನು ತೆಗೆಸಿದಳು. ಗಿರಿಜಾಳಿಗೆ ಅದು ಇದ್ದದ್ದೇ ಮರೆತುಹೋಗಿತ್ತು. ಬಣ್ಣಗಳ ಸಾಲುಗಳನ್ನು ಇಟ್ಟುಕೊಳ್ಳುತ್ತೀರಾ ಎಂದು ಶ್ರೀಲತಾ ಕೇಳಿದಳು. ಬೇಡ ಎಂದು ಗಿರಿಜಾ ತಾನೇ ಅಳಿಸಿದಳು, ನೂರ ನಲವತ್ತು ಸಾಲು. ಪ್ಲಗಿನ್ನಿನಲ್ಲಿ ತೊಂದರೆ ಕಾಣಲಿಲ್ಲ. ಆದರೆ ಅದರಲ್ಲಿರುವ ಸ್ವರ ಯಾರದೋ ಅವರ ಸಹಿ ಇರುವ ಒಪ್ಪಿಗೆ ಪತ್ರ ಬೇಕು ಎಂದಳು.

ಗಂಗೊಳ್ಳಿಯ ಮನೆಯ ಜಗಲಿಯಲ್ಲಿ ಮೋಕ್ಷಿತಾ ಆ ಪತ್ರವನ್ನು ಅಮ್ಮನಿಗೆ ಓದಿ ಹೇಳಿದಳು. ಬಾಗಿ ಬಲೆಯ ಹರುಕು ನೋಡುತ್ತಾ ಕೇಳಿಸಿಕೊಂಡಳು.

"ನಾನ್ ಸಹಿ ಹಾಕ್ರೆ ಅವ್ರ್ ನನ್ ಸ್ವರದಾಗೆ ಎಂತ ಬೇಕಾರೂ ಹೇಳ್ಸುಕೆ ಆತ್ತಾ?"

"ಇಲ್ಲಮ್ಮ. ಈ ಶಬ್ದ ಮಾತ್ರ."

"ಯಾರಿಗೂ ಬೈಯುಕೆ ಬಳ್ಸುಕಾಗ ಅಂದೇಳಿ ಬರಿ. ಬರ್ದ್ರೆ ಹಾಕ್ತೆ."

ಮೋಕ್ಷಿತಾ ಪತ್ರದ ಕೆಳಗೆ ಪೆನ್ನಿನಲ್ಲಿ ಆ ಸಾಲು ಬರೆದಳು. ಬಾಗಿ ಕೈ ಒರೆಸಿಕೊಂಡು ನಿಧಾನವಾಗಿ ಸಹಿ ಹಾಕಿದಳು. ಶ್ರೀಲತಾ ಅದನ್ನು ಹಾಗೇ ಫೈಲಿಗೆ ಸೇರಿಸಿದಳು. ಜುಲೈ ಮೂವತ್ತಕ್ಕೆ ಒಪ್ಪಿಗೆ ಬಂತು.

ಈಗ ಗಿರಿಜಾಳ ಕಣ್ಣು ಇನ್ನಷ್ಟು ಸವೆದಿದೆ. ಪರದೆ ಆರಿಸಿಯೇ ಕೆಲಸ ಮಾಡುತ್ತಾಳೆ. ಇದು ಆಫೀಸಿನಲ್ಲಿ ಎಲ್ಲರಿಗೂ ಗೊತ್ತು. ಕೆಲವರಿಗೆ ಅವಳ ಹತ್ತಿರ ಮಾತಾಡುವಾಗ ಎಲ್ಲಿ ನೋಡಬೇಕು ಎಂದು ತಿಳಿಯುವುದಿಲ್ಲ. ಹೊಸ ಚಿಹ್ನೆ ಬೇಕಾದಾಗ ಬಾಗಿ ಗುಲ್ವಾಡಿಗೆ ಬರುತ್ತಾಳೆ. ಕಳೆದ ಗುರುವಾರವೂ ಬಂದಿದ್ದಳು. ಮೂರು ಶಬ್ದ ಹೇಳಿ ಮುಗಿಸಿ, ಕಿಟಕಿಯ ದಂಡೆಗೆ ಒರಗಿ ಚಾ ಕುಡಿಯುತ್ತಾ ಕೇಳಿದಳು.

"ಅಮ್ಮ, ನಂಗ್ ಪ್ರಾಯ ಆಯಿ ಸ್ವರ ನಡ್ಗುಕೆ ಶುರು ಆದ್ರೆ ನಿಮ್ಗೆ ಕಷ್ಟ ಆತಿಲ್ಲ್ಯಾ?"

"ಇದ್ರಾಗ್ ಇಪ್ಪುದ್ ಹೀಂಗೇ ಇರತ್ತ್ ಬಾಗಕ್ಕ. ನಡ್ಗೂದಿಲ್ಲ."

ಬಾಗಿ ಚಾದ ಕೊನೆಯ ಗುಟುಕು ಕುಡಿದಳು. "ಹಾಂಗಾರೆ ಅಡ್ಡಿಲ್ಲೆ," ಎಂದು ಲೋಟ ಕೆಳಗಿಟ್ಟು, ಹನ್ನೊಂದೂವರೆಯ ಬಸ್ಸು ತಪ್ಪುತ್ತದೆಂದು ಮೆಟ್ಟಿಲಿಳಿದು ಹೋದಳು. ಗಿರಿಜಾ ಫ್ಯಾನು ಹಾಕಿಕೊಂಡು ಹೊಸ ಶಬ್ದಗಳನ್ನು ಕೇಳಿ ನೋಡಲು ಕೂತಳು.