ತಗಡಿನ ಮೇಲೆ ಮೂರು ನಿಮಿಷ

ಅದೇ ಬಿಳಿ ಚೌಕ ಮತ್ತೆ ಲ್ಯಾಪ್‌ಟಾಪ್ ಪರದೆಯ ನಟ್ಟನಡುವೆ, ಈ ಪ್ರೋಗ್ರಾಂ ನಡೆಯಲು ಪೂರಕ ತಂತ್ರಾಂಶದ ಹಳೆಯ ಆವೃತ್ತಿ ಮೂರು ಬಿಂದು ಐದು ಬೇಕು, ಇಳಿಸಿಕೊಳ್ಳಲೇ ಬೇಡವೇ — ಇಳಿಸಿಕೋ ಎಂದು ನಾಲ್ಕು ಸಲ ಒತ್ತಿದ್ದಾಯಿತು, ನೋಲೀನ್ ಕನ್ನಡಕ ತೆಗೆದು ಮೂಗಿನ ಮೇಲಿನ ಗುಳಿ ತಿಕ್ಕಿಕೊಂಡಳು, ಎಪ್ಪತ್ತೊಂದನೇ ವಯಸ್ಸಿಗೆ ಇದೊಂದು ಬೇಕಿತ್ತೇ, ಡೆರಿಕ್ ಇದ್ದಿದ್ದರೆ, ಡೆರಿಕ್ ಎಲ್ಲಿದ್ದಾನೆ, ಗಂಡ ಹೋಗಿ ನಾಲ್ಕು ವರ್ಷ, ಅವನು ಬರೆದ ಪ್ರೋಗ್ರಾಂ ಉಳಿದಿದೆ, ಸೆಸ್ನಾಕ್ ಪಾರಿವಾಳ ರೇಸಿನ ಕ್ಲಬ್ಬಿನ ಅಷ್ಟೂ ಗೂಡುಗಳ ದೂರ ಅದರ ಹೊಟ್ಟೆಯಲ್ಲಿ, ಕಾರ್ಯದರ್ಶಿಯ ಕೆಲಸ ಇವಳ ಕೊರಳಿಗೆ. ಈ ಲ್ಯಾಪ್‌ಟಾಪ್‌ನ ಇಂಟರ್ನೆಟ್ಟಿಗೆ ಹಾಕ್ಬೇಡ ಕಣೇ, ಅದು ತಾನಾಗೇ ಹೊಸದಾಗಿಬಿಡತ್ತೆ, ಆಮೇಲೆ ನನ್ನ ಹಳೇದು ಏಳೋದೇ ಇಲ್ಲ, ಎಂದು ಆಸ್ಪತ್ರೆಯ ಹಾಸಿಗೆಯಿಂದಲೂ ಹೇಳಿದ್ದ, ಗುರುವಾರ, ಹಕ್ಕಿಗಳನ್ನು ಹಾರಿಬಿಡುವ ಬರ್ಕ್ ಊರಿನ ಕಡೆ ಗಾಳಿ ಹೇಗಿದೆ ನೋಡೋಣವೆಂದು ಹಾಕಿಯೇಬಿಟ್ಟಳು, ಗಂಟೆಗಟ್ಟಲೆ ಗುರ್ ಎಂದು ಅದು ಹೊಸದಾಯಿತು, ಇವತ್ತು ಹಕ್ಕಿಗಳೆಲ್ಲ ಮನೆ ಸೇರಿವೆ, ಕ್ಲಬ್ಬಿನ ಹಾಲ್ ತುಂಬ ಮೂವತ್ತು ಜನ ಚಹಾ ಹಿಡಿದು ಕಾಯುತ್ತಿದ್ದಾರೆ, ಗೆದ್ದವರು ಯಾರು ನೋಲೀನ್, ಮುಂದಿನ ವಾರಕ್ಕೆ ಹೇಳ್ತೀಯಾ ಹೇಗೆ.

ಯಾರು ಎಂದು ಅವಳಿಗೆ ಗೊತ್ತು, ಅದೇ ಕಷ್ಟ. ಮೊದಲು ಬಂದ ಹಕ್ಕಿಯೇ ಗೆಲ್ಲುವಂತಿದ್ದರೆ ಯಾವ ಪ್ರೋಗ್ರಾಮೂ ಬೇಡ, ಒಂದೊಂದು ಗೂಡು ಒಂದೊಂದು ದೂರ, ನಿಮಿಷಕ್ಕೆ ಎಷ್ಟು ಮೀಟರ್ ಹಾರಿತು ಎಂದು ಭಾಗಿಸಬೇಕು, ಹಿಂದೊಮ್ಮೆ ಕೈಯಲ್ಲಿ ಭಾಗಿಸಿದ್ದಕ್ಕೆ ಕ್ಲಬ್ಬಿನ ಅಣ್ಣ ತಮ್ಮ ಇಬ್ಬರು ಹನ್ನೊಂದು ವರ್ಷ ಮಾತು ಬಿಟ್ಟರು, ಆಮೇಲೆ ಡೆರಿಕ್‌ನ ಪ್ರೋಗ್ರಾಂ ಕೊಟ್ಟ ಹಾಳೆ ಬಿಟ್ಟು ಬೇರೆ ಯಾವುದೂ ನಡೆಯುವುದಿಲ್ಲ — ಆದರೂ ತಡೆಯಲಾರದೆ ಲಕೋಟೆಯ ಬೆನ್ನ ಮೇಲೆ ಕದ್ದು ಭಾಗಿಸಿದ್ದಾಳೆ, ಆ ಎರಡು ಗೂಡುಗಳ ದೂರ ಅವಳಿಗೆ ಬಾಯಿಪಾಠ, ಮಾಲ್ಟಾದ ಸಾಲ್ವುಗೆ ನಿಮಿಷಕ್ಕೆ ಸಾವಿರದ ನಲವತ್ತೆರಡು, ಮರ್ವಿನ್‌ಗೆ ಸಾವಿರದ ನಲವತ್ತು, ಎರಡು ಮೀಟರ್, ಬರೀ ಎರಡು, ಐವತ್ತು ವರ್ಷದಲ್ಲಿ ಬರ್ಕ್ ರೇಸಿನಲ್ಲಿ ನಾಲ್ಕು ಸಲ ಎರಡನೆಯವನಾದ ಮರ್ವಿನ್, ಗಣಿಯ ದೂಳು ಇನ್ನೂ ಕೆಮ್ಮಿನಲ್ಲಿರುವ ಮರ್ವಿನ್, ಸೋಮವಾರ ವೃದ್ಧಾಶ್ರಮಕ್ಕೆ ಹೋಗುತ್ತಾನೆ, ಹಕ್ಕಿಗಳು ನಾಳೆ ಬೇರೆಯವರ ಗೂಡಿಗೆ, ಇನ್ನು ರೇಸ್ ಇಲ್ಲ. ನಾಲ್ಕು ಹನ್ನೆರಡಕ್ಕೇ ಬಂದ್ಲು ನನ್ನ ಹುಡುಗಿ, ಗೂಡಿನ ತಗಡಿನ ಮೇಲೆ ಕೂತ್ಲು, ಕಾಳಿನ ಡಬ್ಬಿ ಅಲ್ಲಾಡಿಸಿದ್ರೂ ಒಳಗೆ ಬರ್ಲಿಲ್ಲ, ಮೂರು ನಿಮಿಷ, ಯಾಕೋ ಗೊತ್ತಿಲ್ಲ ಎಂದ ಮರ್ವಿನ್ ಇಲ್ಲಿಗೆ ಬಂದ ತಕ್ಷಣ, ಎಲ್ಲರಿಗೂ ಹೇಳಿದ, ಇವಳ ಕಡೆ ಮಾತ್ರ ನೋಡಲಿಲ್ಲ — ಹಕ್ಕಿ ಮನೆಗೆ ಬಂದರೆ ಸಾಲದು, ಒಳಗೆ ಬಂದು ಕಾಲಿನ ರಬ್ಬರ್ ಉಂಗುರ ಬಿಚ್ಚಿ ರೇಸಿನ ಗಡಿಯಾರದೊಳಗೆ ಹಾಕಬೇಕು, ಆ ಹೊತ್ತೇ ಲೆಕ್ಕ, ನಾಲ್ಕು ಹದಿನೈದು. ಹಳದಿ ಹೊದಿಕೆ. ಬೆಳಿಗ್ಗೆ ಅವನ ಸಾಮಾನು ಕಟ್ಟಿಕೊಡಲು ಹೋಗಿದ್ದಳು, ಹೊದಿಕೆ ಒಗೆದಳು, ಅವನ ಗೂಡಿನೆದುರು ಹಿತ್ತಲ ತಂತಿಗೆ ಹರವಿ ಬಂದಳು, ಪಾರಿವಾಳದವನ ಜೊತೆ ನಲವತ್ತು ವರ್ಷ ಬಾಳಿದವಳು, ರೇಸಿನ ದಿನ ತಂತಿಯ ಮೇಲೆ ಒಂದು ಕರವಸ್ತ್ರವೂ ಇರಬಾರದು, ಕಾಣದ್ದು ಕಂಡರೆ ಹಕ್ಕಿ ಬೆದರುತ್ತದೆ ಎಂದು ಮಗುವಿನ ಬಟ್ಟೆಯನ್ನು ಒದ್ದೆಯಾಗಿಯೇ ಒಳಗೆ ತಂದವಳು, ಹೇಗೆ ಮರೆತಳು, ದಣಿವು, ಬೇರೇನಲ್ಲ, ಯಾವುದನ್ನೂ ನೆನಪಿಡಲಾರದಷ್ಟು ದಣಿವು, ಹೇಳಿಕೊಳ್ಳಲು ನಾಚಿಕೆ. ಚೌಕ ಹೀಗೇ ನಿಂತಿರಲಿ, ಇದು ನಿಂತಿರುವ ತನಕ ಮರ್ವಿನ್ ಸೋತಿಲ್ಲ.

ತಗೋ, ನನ್ನ ಫೋನಿನ ನೆಟ್ ಹಾಕ್ಕೋ, ಈ ಹಾಲ್‌ನದು ಸತ್ತೇಹೋಗಿದೆ ಎಂದು ಸಾಲ್ವು ಫೋನ್ ತಂದಿಟ್ಟ, ಪಾಪ, ತಾನು ಗೆದ್ದದ್ದು ಗೊತ್ತಿಲ್ಲದವನು, ನೀಲಿ ಪಟ್ಟಿ ತುಂಬುತ್ತ ಬಂತು, ಅರ್ಧ, ಮುಕ್ಕಾಲು, ಚೌಕ ಮಾಯ, ಡೆರಿಕ್‌ನ ಹಸಿರು ಪರದೆ ಏನೂ ಆಗಿಲ್ಲವೆಂಬಂತೆ ತೆರೆದುಕೊಂಡಿತು, ಒಂದೊಂದೇ ಗಡಿಯಾರದ ಚೀಟಿ ನೋಡಿ ಹೊತ್ತುಗಳನ್ನು ತುಂಬಿದಳು, ಮರ್ವಿನ್‌ನದನ್ನು ಕೊನೆಗಿಟ್ಟುಕೊಂಡಳು, ನಾಲ್ಕು ಎಂದು ಒತ್ತಿದಳು, ಆಮೇಲೆ ಒಂದು, ಇನ್ನು ಒಂದೇ ಅಂಕಿ, ಐದರ ಬದಲು ಎರಡು ಒತ್ತಿದರೆ ಮರ್ವಿನ್ ಗೆದ್ದ, ಚೀಟಿಯನ್ನು ಯಾರು ನೋಡುತ್ತಾರೆ, ತನ್ನಿಂದ ಹೋದ ಮೂರು ನಿಮಿಷ ತಾನೇ ತಿರುಗಿ ಕೊಟ್ಟಂತೆ — ಪಕ್ಕದಲ್ಲಿ ಚಹಾದ ಲೋಟ ಇಟ್ಟ ಸದ್ದು, ಗಣಿಯ ಕಲ್ಲಿದ್ದಲು ಉಳಿಸಿದ ನೀಲಿ ಕಲೆಗಳ ಕೈ, ಮರ್ವಿನ್, ಬೇರೆಯವರಿಗೆ ಕೇಳದ ಹಾಗೆ, ಹೊದಿಕೆ ಒಣಗಿತ್ತು ನೋಲೀನ್, ಮಡಿಚಿ ಪೆಟ್ಟಿಗೇಲಿ ಇಟ್ಕೊಂಡೆ, ಅಲ್ಲಿ ಚಳಿಗೆ ಬೇಕಾಗತ್ತೆ, ನೀನು ಗಡಿಯಾರದಲ್ಲಿ ಇರೋದನ್ನೇ ಹಾಕು. ಹೋಗಿ ತನ್ನ ಜಾಗದಲ್ಲಿ ಕುಳಿತ. ಎರಡು, ಐದು, ಬೆರಳು ಆ ಎರಡು ಕೀಲಿಗಳ ನಡುವೆ, ಗೆದ್ದವರು ಯಾರು ನೋಲೀನ್ ಎನ್ನುತ್ತಿದ್ದಾರೆ ಯಾರೋ, ಅವಳ ಕಣ್ಣ ಮುಂದೆ ತಗಡಿನ ಅಂಚು, ಹಳದಿ ಹೊದಿಕೆ ಗಾಳಿಗೆ ಒಮ್ಮೆ ಉಬ್ಬುತ್ತದೆ, ಆರುನೂರು ಕಿಲೋಮೀಟರ್ ಹಾರಿ ಮನೆಗೆ ಬಂದ ಹಕ್ಕಿ ಒಂದು ಕಾಲನ್ನು ಮುಂದಕ್ಕೆ ಎತ್ತುತ್ತದೆ, ಇಡುವುದಿಲ್ಲ, ಎತ್ತಿದ ಕಾಲು, ಇಡುವುದಿಲ್ಲ —