ಸಿಹಿನೀರಲ್ಲಿ ತೊಳೆದ ಬಿಲ್ಲೆಗಳು

ದೀಪಿಕಾ ಕುಮಟಾದ ಬಸ್ ನಿಲ್ದಾಣಕ್ಕೇ ಬಂದು ನನ್ನನ್ನು ಬಾಡ ಊರಿನ ತಮ್ಮ ಮನೆಗೆ ಕರೆದೊಯ್ದಳು. ನನ್ನ ಮಂಡಿನೋವು ಅವಳಿಗೆ ನೆನಪಿತ್ತು. ರಿಕ್ಷಾವನ್ನು ಅಂಗಳದ ತನಕ ತರಿಸಿದಳು. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದ ಹುಡುಗಿ, ಈಗ ಮಂಗಳೂರಿನ ಕಡೆ ಸಂಶೋಧನೆ ಮಾಡುತ್ತಾಳೆ.

ಎರಡು ವರ್ಷದ ಹಿಂದೆ ಅವಳ ಅಣ್ಣ ದೇವರಾಜನ ದೋಣಿಯಲ್ಲಿ ಲಿಥಿಯಂ ಬ್ಯಾಟರಿ ಹೊತ್ತಿಕೊಂಡಿತ್ತು. ಅದನ್ನೆತ್ತಿ ನೀರಿಗೆಸೆಯಲು ಹೋಗಿ ಅವನು ಎರಡೂ ಕೈ ಸುಟ್ಟುಕೊಂಡ. ಈಗ ಬಲಗೈಯ ಎರಡು ಬೆರಳು ಮಾತ್ರ ಮಡಚುತ್ತವೆ. ಬ್ಯಾಟರಿಯೊಳಗೆ ಬೆಂಕಿ ಹಿಡಿಯುವ ದ್ರವದ ಬದಲು ಸೆರಾಮಿಕ್ ಬಿಲ್ಲೆ ಇಡುವುದು ದೀಪಿಕಾಳ ಕೆಲಸ. ಬಿಲ್ಲೆಗೆ ಬೆಂಕಿ ಹಿಡಿಯುವುದಿಲ್ಲ. ಆದರೆ ಅದರ ಕಣಗಳ ಸಂದಿಯಲ್ಲಿ ಲಿಥಿಯಂ ಲೋಹ ಕೂದಲಿನಂತೆ ಬೆಳೆದು ಅದನ್ನು ಸೀಳುತ್ತದೆ. ಹಾಗೆ ಸೀಳಿಹೋಗಲಾರವೆಂಬ ಭರವಸೆಯ ಆರು ಬಿಲ್ಲೆ ಕುಲುಮೆಯಿಂದ ಹೊರಬರಲು ಹದಿನಾಲ್ಕು ತಿಂಗಳು ಹಿಡಿದಿತ್ತು. ಮರುದಿನ ಗೋವೆಯಲ್ಲಿ ಅವುಗಳ ಪರೀಕ್ಷೆ. ದಾರಿಯಲ್ಲಿ ಮನೆಯವರನ್ನು ನೋಡಲು ಇಳಿದಿದ್ದಳು. ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿವೆ, ಹೊರಗಿನಿಂದಲೇ ನೋಡಬಹುದು ಎಂದು ನನ್ನನ್ನು ಕರೆದಿದ್ದಳು.

ನಾವು ಬಂದಾಗ ಪೆಟ್ಟಿಗೆ ಜಗುಲಿಯಲ್ಲಿ ತೆರೆದು ಬಿದ್ದಿತ್ತು. ಅಂಗಳದ ಬಿಸಿಲಲ್ಲಿ ಬಿದಿರಿನ ಗೆರಸಿಯ ಮೇಲೆ ಬಿಳಿ ಬಟ್ಟೆ ಹಾಸಿ ಬಿಲ್ಲೆಗಳನ್ನು ಸಾಲಾಗಿ ಇಡಲಾಗಿತ್ತು. ಕಾಗೆ ಬಾರದಂತೆ ದೇವರಾಜ ಪಕ್ಕದಲ್ಲೇ ಕುಳಿತಿದ್ದ.

"ಬನ್ನಿ ಅಕ್ಕೋರೆ, ಕುಂತ್ಕಣಿ. ನಿಮ್ಮ ಶಿಷ್ಯೆ ಓದಿದ್ದೇ ಓದಿದ್ದು, ಸಾಮಾನು ಇಟ್ಕಳೂಕೆ ಬರೂದಿಲ್ಲ. ಈ ಕಡಲ ಗಾಳೀಲಿ ಉಪ್ಪು ಹಿಡಿದ್ರೆ ಎಂತ ಉಳೀತದೆ? ಎಲ್ಲಾ ಸಿಹಿನೀರಲ್ಲಿ ತೊಳ್ದಿಟ್ಟೆ."

ಆ ಮನೆಯಲ್ಲಿ ಇಂಜಿನ್ನಿನ ಭಾಗ, ಗಾಳ, ಟಾರ್ಚು, ಯಾವುದೇ ಇರಲಿ, ಕಡಲಿಂದ ಬಂದದ್ದನ್ನು ಮೊದಲು ಬಾವಿನೀರಲ್ಲಿ ತೊಳೆಯುತ್ತಾರೆ.

ಬಿಲ್ಲೆಗಳ ಮೇಲೆ ಬಿಳಿಯ ಪೊರೆ ಕಟ್ಟಿತ್ತು. ಏನಾಗಿದೆಯೆಂದು ನನಗೆ ಗೊತ್ತಾಯಿತು. ಆದರೂ ಅವನ ಮುಖ ನೋಡಿ, "ಒಳ್ಳೇದು ಮಾಡಿದೆ ದೇವರಾಜ" ಎಂದುಬಿಟ್ಟೆ.

"ಬೇಡ ಅಕ್ಕೋರೆ," ಎಂದು ದೀಪಿಕಾ ಅವನ ಪಕ್ಕ ಕುಳಿತಳು. "ಅಣ್ಣ, ಇದು ಹಾಳಾತು. ಇದಕ್ಕೆ ನೀರು ತಾಗ್ಬಾರ್ದು, ಗಾಳೀನೂ ತಾಗ್ಬಾರ್ದು. ಒಳಗಿನ ಲಿಥಿಯಂ ನೀರಿಗೆ ಹೋತು."

"ಆರೂ?"

"ಆರೂ."

"ಮೊದ್ಲೇ ಹೇಳೂಕೆ ಎಂತಾಗಿತ್ತು ನಿಂಗೆ!"

ಅವನ ಕೂಗಿಗೆ ತಾಯಿ ಹೊನ್ನಮ್ಮ ಒಳಗಿಂದ ಓಡಿಬಂದರು. ಕೈ ಸುಟ್ಟ ಮೇಲೆ ಅವನು ದನಿ ಎತ್ತಿದ್ದೇ ಇಲ್ಲವಂತೆ. ಅವನು ಏನು ಮಾಡಿದರೂ ಎಲ್ಲರೂ ಆಗಲಿ ಬಿಡು ಎನ್ನುತ್ತಿದ್ದರು, ಈಗಷ್ಟೇ ನಾನಂದ ಹಾಗೆ.

"ಹೇಳ್ಬೇಕಿತ್ತು," ಎಂದಳು ದೀಪಿಕಾ. "ನೀನು ತೆಗೀತಿ ಅಂತ ಎಣಿಸ್ಲಿಲ್ಲ."

ಅವನು ತನ್ನ ಕೈಗಳನ್ನು ನೋಡಿಕೊಂಡ. "ನನ್ನ ಕೈಲಿ ತೆಗೀಲಿಕ್ಕೆ ಆಗೂದಿಲ್ಲ ಅಂತ ನೀನು ಎಣಿಸ್ದೆ."

ಅವನು ಬಿಚ್ಚಿದ ಮುಚ್ಚಳದ ನಾಲ್ಕು ಸ್ಕ್ರೂಗಳು ಕಳೆದುಹೋಗದಂತೆ ಒಂದು ಬಸಿಯಲ್ಲಿದ್ದವು. ಅವಳು ಅವನ್ನು ನೋಡಿ, "ಹೌದು ಅಣ್ಣ, ಹಂಗೇ ಎಣಿಸ್ದೆ," ಎಂದಳು. ಅವಳ ಕಣ್ಣು ತುಂಬಿತು.

ಆಮೇಲೆ ಅಲ್ಲಿಂದಲೇ ತನ್ನ ಸಂಶೋಧನೆಯ ಮಾರ್ಗದರ್ಶಕರಿಗೆ ಫೋನ್ ಮಾಡಿದಳು. "ಬಿಲ್ಲೆಗೆ ನೀರು ತಾಗಿದೆ ಸರ್. ನಾನು ಜಾಗ್ರತೆ ಮಾಡಲಿಲ್ಲ."

"ನನ್ನ ಹೆಸರು ಹೇಳೇ," ಎಂದ ದೇವರಾಜ.

"ನಮ್ಮಣ್ಣ ಪೆಟ್ಟಿಗೆ ತೆಗೆದು ತೊಳೆದ, ಸರ್. ನಾನು ಅವನಿಗೆ ಹೇಳಿರಲಿಲ್ಲ."

ಆಚೆಯಿಂದ ಬಹಳ ಹೊತ್ತು ಮಾತು ಕೇಳಿಸಿತು. ಗೋವೆಯಲ್ಲಿ ಮತ್ತೆ ಅವಕಾಶ ಸಿಗುವುದು ಮೂರು ತಿಂಗಳ ಮೇಲೆ ಎಂದು ಅವಳು ಫೋನಿಟ್ಟು ಹೇಳಿದಳು.

"ಅಷ್ಟ್ರಲ್ಲಿ ಬೇರೆ ಆರು ಆಗ್ತದ್ಯಾ?" ಎಂದು ಕೇಳಿದ ದೇವರಾಜ.

"ಗೊತ್ತಿಲ್ಲ ಅಣ್ಣ."

"ಹಂಗಾರೆ ಇವತ್ತೇ ವಾಪಸ್ ಹೋಗು. ಇಲ್ಲಿ ನನ್ನ ಮೋರೆ ನೋಡ್ಕಂಡು ಎಂತ ಮಾಡ್ತಿ?"

ಮಧ್ಯಾಹ್ನದ ಮಂಗಳೂರು ರೈಲಿಗೆ ಇನ್ನೂ ಹೊತ್ತಿತ್ತು. ಅವಳು ಎದ್ದು ಚೀಲ ತುಂಬತೊಡಗಿದಳು.