ಅಲಗಿನ ಮೇಲಿನ ನೀಲಿ

"ಇದನ್ನ ಸ್ವಲ್ಪ ನೋಡಿ," ಎಂದು ಮಾಂಸದಂಗಡಿಯಾಕೆ ಚಾಕುವನ್ನು ಮೇಜಿನ ಮೇಲಿಟ್ಟಳು. ಅಲಗಿನ ಅಂಚು ನಡುವೆ ಒಂದು ಕಡೆಗೆ ಮಡಚಿಕೊಂಡಿತ್ತು. "ಮೂಳೆಗೆ ತಾಗಿಸೇ ಇಲ್ಲ. ನಮ್ಮಪ್ಪನ ಕಾಲದಿಂದ ನಿಮ್ಮ ಹತ್ರಾನೇ ಮಾಡಿಸ್ತಿದೀವಿ, ಹಿಂಗೆ ಯಾವತ್ತೂ ಆಗಿರ್ಲಿಲ್ಲ."

ಚಾಕು ಮಾಡುತ್ತಲೇ ತಲೆ ನರೆಸಿಕೊಂಡಿದ್ದ ಮುದುಕರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮಡಚಿದ ಜಾಗದ ಮೇಲೆ ಲೋಹ ಉಜ್ಜುವ ಅರ ಆಡಿಸಿದರು. ಗಡಸು ಉಕ್ಕಿನ ಮೇಲೆ ಜಾರಿಹೋಗಬೇಕಾದ ಅರ ಸಲೀಸಾಗಿ ಕಚ್ಚಿತು.

"ತಪ್ಪು ನಂದೇ ತಾಯಿ. ಸಾಣೆ ಹಿಡಿಯುವಾಗ ಬಿಸಿ ಮಾಡ್ಬಿಟ್ಟಿದೀನಿ. ಬೇರೆ ಮಾಡ್ಕೊಡ್ತೀನಿ."

ಹಿಂದೆ ನಿಂತಿದ್ದ ಅವರ ಅಳಿಯ ನೋಟವನ್ನು ಬೇರೆಡೆಗೆ ಹೊರಳಿಸಿದ.

ಅವರು ಬಳಸುತ್ತಿದ್ದುದು ಕಾರ್ಖಾನೆಗಳಲ್ಲಿ ಸವೆದುಹೋದ ಗರಗಸದ ಅಗಲ ಪಟ್ಟಿಗಳನ್ನು. ಮೊದಲೇ ಹದವಾದ ಉಕ್ಕು, ಮತ್ತೆ ಕುಲುಮೆಗೆ ಹಾಕುವ ಕೆಲಸವಿಲ್ಲ. ಆದರೆ ಅದರ ಕಾಟವೂ ಅದೇ. ಕತ್ತರಿಸುವಾಗ ಕಾವು ಹೆಚ್ಚಾಗಿ ನೀಲಿಗೆ ತಿರುಗಿತೋ, ಅಷ್ಟು ಜಾಗದ ಗಡಸು ಹೋಯಿತೆಂದೇ ಲೆಕ್ಕ. ಹಾಗಾಗಿ ಚಾಕುವಿನ ಆಕಾರಕ್ಕೆ ಎಳೆದ ಗೆರೆಯಿಂದ ಬೆರಳಷ್ಟು ಹೊರಗೆ ತುಸುತುಸುವೇ ಕೊಯ್ದು, ಆಗಾಗ ನೀರಿಗೆ ಅದ್ದಬೇಕು. ಉಳಿದದ್ದನ್ನು ಸಾಣೆಯಲ್ಲಿ ನಿಧಾನವಾಗಿ ತೆಗೆಯಬೇಕು. ಕತ್ತರಿಸುವುದು ಅಳಿಯನ ಪಾಲು, ಸಾಣೆ ಮಾವನ ಪಾಲು.

ಈ ಚಾಕುವಿನ ಪಟ್ಟಿ ಕೊಯ್ಯುವ ದಿನ ಅಳಿಯನಿಗೆ ಅವಸರ. ದೊಡ್ಡ ಕಾರಣವೇನೂ ಇರಲಿಲ್ಲ. ಬೇಸರ ಬಂದಿತ್ತು, ಅಷ್ಟೇ. ಗೆರೆಯ ಮೇಲೆಯೇ ಕತ್ತರಿಸುವ ಚಕ್ರ ಇಳಿಸಿ, ನೀರು ಮುಟ್ಟಿಸದೆ ಒಂದೇ ಎಳೆತಕ್ಕೆ ಕೊಯ್ದುಬಿಟ್ಟ. ಅಂಚಿನುದ್ದಕ್ಕೂ ನೀಲಿ ಮೂಡಿತು. ತುಂಡನ್ನು ಎಸೆಯಲು ಮನಸ್ಸು ಬರಲಿಲ್ಲ, ಹೇಳಲು ಬಾಯಿ ಬರಲಿಲ್ಲ. ಮರಳು ಕಾಗದ ತೆಗೆದುಕೊಂಡು ಫಳಫಳ ಉಜ್ಜಿ ಮಾವನ ಕೈಗಿಟ್ಟ. ಉಜ್ಜಿದರೆ ಬಣ್ಣ ಮಾತ್ರ ಹೋಗುತ್ತದೆ, ಮೆತ್ತಗಾದದ್ದು ಮೆತ್ತಗೇ ಇರುತ್ತದೆಂದು ಅವನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು.

ಮಾಂಸದಂಗಡಿಯಾಕೆ ಹೋದ ಮೇಲೆ ಮಾವ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಕಣ್ಣು ಕೈಕೊಡ್ತು ಅಳಿಯಂದ್ರೇ. ಒಂದು ವರ್ಷದಿಂದ ಅನುಮಾನ ಇತ್ತು, ನಾನೇ ಒಪ್ಕೊಂಡಿರ್ಲಿಲ್ಲ. ಕೈಯಲ್ಲಿರೋ ಅಲಗು ನೀಲಿಯಾದ್ರೂ ಕಾಣಲ್ಲ ಅಂದ್ಮೇಲೆ ಇನ್ನೇನಿದೆ? ನಾಳೆಯಿಂದ ಸಾಣೆನೂ ನೀವೇ ಹಿಡೀರಿ. ನಾನು ಒಳಗೆ ಕೂತು ನಿಮ್ಮತ್ತೆ ಹತ್ರ ಬೈಸ್ಕೋತೀನಿ."

ನಗಲು ನೋಡಿದರು, ನಗು ಬರಲಿಲ್ಲ.

ಸಾಣೆಗೆ ಕೂರಬೇಕೆಂದು ಅಳಿಯ ಮದುವೆಯಾದಾಗಿನಿಂದ ಆಸೆಪಟ್ಟಿದ್ದ. ಈಗ ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿದ್ದ ಕೂಡ. ಮಾವ ಸೊಂಟಕ್ಕೆ ಕಟ್ಟಿದ್ದ ಚರ್ಮದ ಏಪ್ರನ್ನಿನ ಗಂಟಿಗೆ ತಡಕಾಡಿ, "ಇದೊಂದು ಬಿಚ್ಕೊಡಿ," ಎಂದು ಬೆನ್ನು ತಿರುಗಿಸಿದರು. ಗಂಟಿನ ಮೇಲಿಟ್ಟ ಅಳಿಯನ ಬೆರಳುಗಳು ಮುಂದೆ ಹೋಗಲಿಲ್ಲ. ಅಳಿಯನಿಗೆ ಕಿವಿಯವರೆಗೂ ನಾಚಿಕೆ ಸುಟ್ಟಿತು.

"ಮಾವ, ಅದು ನಾನು," ಎಂದ ಆ ಬೆನ್ನಿಗೆ. "ಕತ್ತರಿಸುವಾಗಲೇ ಸುಟ್ಟೆ. ನೀಲಿ ಬಂದಿತ್ತು. ಉಜ್ಜಿ ನಿಮಗೆ ಕೊಟ್ಟೆ."

ಮಾವ ನಿಧಾನವಾಗಿ ತಿರುಗಿದರು. ಅಳಿಯ ಬೈಗುಳಕ್ಕೆ ತಲೆತಗ್ಗಿಸಿ ನಿಂತ.

"ಮುದುಕ ನೊಂದ್ಕೊಂಡ ಅಂತ ಸಮಾಧಾನಕ್ಕೆ ಹೇಳ್ತಿಲ್ವಲ್ಲ?"

"ಇಲ್ಲ ಮಾವ. ನೀರಿಗೆ ಒಂದ್ಸಲಾನೂ ಅದ್ದಲಿಲ್ಲ. ಗೆರೆ ಮೇಲೇ ಕೊಯ್ದೆ."

"ಹಂಗಾದ್ರೆ ನನ್ನ ಕೈಗೆ ಬಂದಾಗ ನೀಲಿ ಇರ್ಲೇ ಇಲ್ಲ?"

"ಇರ್ಲಿಲ್ಲ."

ಮಾವನ ಮುಖ ಅರಳಿದ್ದನ್ನು ಅಳಿಯ ನೋಡಲಾರದೆ ನೋಡಿದ. "ಏ ಇವಳೇ!" ಎಂದು ಅವರು ಒಳಬಾಗಿಲಿನತ್ತ ಕೂಗಿದರು. "ನನ್ನ ಕಣ್ಣು ಸರಿಯಾಗಿದೆಯಂತೆ ಕಣೇ!"

"ಅದಕ್ಕೇನಾಗಿತ್ತು?" ಅತ್ತೆಯ ದನಿ ಬಂತು. "ಸಾರಲ್ಲಿ ಕೂದಲು ಹುಡುಕುವಾಗ ಚೆನ್ನಾಗೇ ಕಾಣತ್ತಲ್ಲ!"

ಮಾವ ಜೋರಾಗಿ ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಅಳಿಯನ ತೋಳನ್ನು ಗಟ್ಟಿಯಾಗಿ ಹಿಡಿದು ಅಲುಗಾಡಿಸಿದರು. ಆಮೇಲೆ ಮತ್ತೆ ಬೆನ್ನು ತಿರುಗಿಸಿದರು.

"ಬಿಚ್ಚೋದು ಬೇಡ, ಬಿಗಿಯಾಗಿ ಕಟ್ಟಿ."

ಅಳಿಯ ಕಟ್ಟಿದ. ಕಟ್ಟಿ ಮುಗಿದ ಮೇಲೂ ಗಂಟನ್ನು ಸರಿಮಾಡುತ್ತ, ಆ ಅಗಲ ಬೆನ್ನಿನ ಹಿಂದೆಯೇ ನಿಂತಿದ್ದ.